ತೊಳೆದ ಮರಳು

ಭದ್ರಾವತಿಯ ಜನ್ನಾಪುರದ ತನುಜಾ ಡಿಪ್ಲೊಮಾ ಮುಗಿಸಿ ಶಿವಮೊಗ್ಗದ ಸವಳಂಗ ರಸ್ತೆಯ ಖಾಸಗಿ ಲ್ಯಾಬಿಗೆ ಸೇರಿದಾಗ, ಮರಳು ಪರೀಕ್ಷೆ ಮಾಡುವುದೂ ಒಂದು ನೌಕರಿಯಾ ಎಂದು ನಕ್ಕವನು ಅವಳಣ್ಣ ಯೋಗರಾಜ್. ಅವನು ಊರಲ್ಲೇ ಟಿಪ್ಪರ್ ಇಟ್ಟುಕೊಂಡು ಮರಳು, ಜಲ್ಲಿ ಹೊಡೆಸುತ್ತಿದ್ದ. ಅಪ್ಪ ತೀರಿಕೊಂಡ ಮೇಲೆ ಅವಳನ್ನು ಓದಿಸಿದವನೂ ಅವನೇ. ಆ ಋಣವನ್ನು ಮನೆಯಲ್ಲಿ ಯಾರೂ ಎತ್ತಿ ಆಡುತ್ತಿರಲಿಲ್ಲ.

ಲ್ಯಾಬಿನಲ್ಲಿ ಅವಳಿಗೆ ಆಸೆ ಹುಟ್ಟಿಸಿದ್ದು ಜಿಯೋಪಾಲಿಮರ್ ಕಾಂಕ್ರೀಟ್. ಅದಕ್ಕೆ ಸಿಮೆಂಟೇ ಬೇಡ. ಹಾರುಬೂದಿ, ಕಬ್ಬಿಣದ ಕುಲುಮೆಯ ಕಿಟ್ಟದ ಪುಡಿ, ಕ್ಷಾರದ ದ್ರಾವಣ ಸಾಕು. ಕಾರ್ಖಾನೆಯ ಊರಲ್ಲಿ ಬೆಳೆದವಳಿಗೆ ಅಲ್ಲಿನ ಕಸ ಕಲ್ಲಾಗುವುದನ್ನು ನೋಡಿದರೆ ಏನೋ ಹೆಮ್ಮೆ. ಶಿವಮೊಗ್ಗದ ಗೋಪಾಳ ಬಡಾವಣೆಯ ಒಂದು ಬೀದಿಯ ಚರಂಡಿಗೆ ಇದರ ಚಪ್ಪಡಿ ಮುಚ್ಚಿಸಲು ಪಾಲಿಕೆಯ ಎಂಜಿನಿಯರ್ ಮೀರಾ ಹಟ ಹಿಡಿದು ಒಪ್ಪಿಗೆ ತಂದಿದ್ದರು. ಮರಳು ಹಾಕುವ ಕೆಲಸ ಯೋಗರಾಜನಿಗೆ ಸಿಕ್ಕಿತು. ಅವನು ಲ್ಯಾಬಿಗೆ ತಂದುಕೊಟ್ಟ ಸ್ಯಾಂಪಲ್ ಸಕ್ಕರೆಯಂತಿತ್ತು. ಪಾಸಾಯಿತು.

ಚಪ್ಪಡಿ ಹೊಯ್ಯುವ ಜಾಗಕ್ಕೆ ಹೋದ ದಿನ ತನುಜಾ ಮರಳಿನ ರಾಶಿಗೆ ಕೈ ಹಾಕಿದಳು. ಅಂಗೈಗೆ ಕಪ್ಪು ಮಣ್ಣು ಮೆತ್ತಿಕೊಂಡಿತು. ಊಟದ ಡಬ್ಬಿ ಖಾಲಿ ಮಾಡಿ ಅದರಲ್ಲೇ ತುಂಬಿ ತಂದು, ಗಾಜಿನ ಜಾಡಿಯಲ್ಲಿ ಉಪ್ಪುನೀರು ಹಾಕಿ ಕುಲುಕಿಟ್ಟಳು. ಮರಳು ತಳಕ್ಕಿಳಿದ ಮೇಲೆ ಅದರ ಮೇಲೆ ಬೆರಳು ದಪ್ಪ ಕೆರೆಯ ಮಣ್ಣು ಕೂತಿತ್ತು. ಇದು ಹೊಳೆಯ ಮರಳಲ್ಲ, ಕೆರೆಯಿಂದ ಎತ್ತಿದ್ದು. ಅಷ್ಟು ಮಣ್ಣಿದ್ದರೆ ಕ್ಷಾರದ ದ್ರಾವಣವನ್ನೆಲ್ಲ ಅದೇ ಕುಡಿದುಬಿಡುತ್ತದೆ. ಚಪ್ಪಡಿಗೆ ಬಲವೇ ಬರುವುದಿಲ್ಲ.

ಲ್ಯಾಬಿನ ಮಾಲೀಕ ಪ್ರಸನ್ನಕುಮಾರ್ ಜಾಡಿಯ ಕಡೆ ತಿರುಗಿಯೂ ನೋಡಲಿಲ್ಲ. "ಪಾರ್ಟಿ ತಂದ್ಕೊಟ್ಟಿದ್ದನ್ನ ಟೆಸ್ಟ್ ಮಾಡೋದಷ್ಟೇ ನಮ್ ಕೆಲ್ಸ ಕಣಮ್ಮ. ನೀನು ಡಬ್ಬೀಲಿ ತಂದಿದ್ದನ್ನಲ್ಲ."

ಸಂಜೆ ಮನೆಗೆ ಬಂದು ಅಣ್ಣನನ್ನೇ ಕೇಳಿದಳು. "ಅಣ್ಣ, ಸ್ಯಾಂಪಲ್ ತೊಳ್ದು ತಂದ್ಯಾ?"

"ಎಲ್ರೂ ತೊಳ್ದೇ ತರೋದು ಮಾರಾಯ್ತಿ. ನಿನ್ನ ಓದ್ಸಿದ್ದು ನನ್ನೇ ಟೆಸ್ಟ್ ಮಾಡ್ಲಿ ಅಂತನಾ?"

ಅವ್ವ ದ್ಯಾಮಮ್ಮ ಬಾಗಿಲಲ್ಲೇ ನಿಂತಿದ್ದಳು. ಮಗನ ಊಟಕ್ಕೆ ತಟ್ಟೆ ಇಡಲು ಒಳಗೆ ಹೋದಳು.

ಮರುದಿನ ತನುಜಾ ಮೀರಾ ಅವರಿಗೆ ವಿಷಯ ತಿಳಿಸಿದಳು. ಯೋಗರಾಜನ ಮರಳು ನಿಂತಿತು, ತಂಗಿಯ ಜೊತೆ ಅವನ ಮಾತೂ ನಿಂತಿತು. ಅತ್ತಿಗೆ ರಂಜಿನಿ ಅವಳ ತಟ್ಟೆಯನ್ನು ಅಡುಗೆಮನೆಯಲ್ಲಿ ಮುಚ್ಚಿಟ್ಟು ಮಲಗತೊಡಗಿದಳು. ಎಷ್ಟು ದಿನ ಹಾಗಿರುವುದು? ತನುಜಾ ಶಿವಮೊಗ್ಗದಲ್ಲೇ ಒಂದು ಕೋಣೆ ಹಿಡಿದಳು.

ಚಪ್ಪಡಿ ಹೊಯ್ಯಿಸುತ್ತಿದ್ದ ಕಂಟ್ರಾಕ್ಟರಿಗೆ ಅವಸರವಿತ್ತು. ಬೇರೆ ಲ್ಯಾಬು, ಬೇರೆಯವರ ಟಿಪ್ಪರು, ಮರಳು ಮಾತ್ರ ಅದೇ ಕೆರೆಯದು, ಸ್ಯಾಂಪಲ್ಲೂ ತೊಳೆದದ್ದೇ. ರಾಶಿಯಿಂದಲೇ ತೆಗೆದು ಪರೀಕ್ಷಿಸಿ ಎಂದು ಮೀರಾ ಕೂಗಾಡಿದರೂ ಮೇಲಿನವರು ಕಿವಿಗೆ ಹಾಕಿಕೊಳ್ಳಲಿಲ್ಲ. ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಚಪ್ಪಡಿ ಕುಸಿದು, ಹಾಲು ಹಾಕುವ ಉಜ್ಜನಪ್ಪನ ಕಾಲು ಮುರಿಯಿತು. ಮರಳಿನ ಮಾತನ್ನು ಯಾರೂ ಎತ್ತಲಿಲ್ಲ. ಸಿಮೆಂಟಿಲ್ಲದ ಕಾಂಕ್ರೀಟನ್ನು ನಂಬಿದ್ದೇ ತಪ್ಪು ಎಂದು ಷರಾ ಬರೆದು ಪ್ರಯೋಗ ನಿಲ್ಲಿಸಿದರು. ಮೀರಾ ಅವರಿಗೆ ವರ್ಗವಾಯಿತು. ತನುಜಾ ಆಸ್ಪತ್ರೆಗೆ ಹೋಗಿ ಉಜ್ಜನಪ್ಪನ ಮಂಚದ ಪಕ್ಕ ಹಣ್ಣಿಟ್ಟು, ತಾನು ಯಾರೆಂದು ಹೇಳದೆ ಬಂದಳು.

ಆ ವಾರವೇ ಯೋಗರಾಜ್ ಫೋನ್ ಮಾಡಿದ. "ನನ್ ಮರಳಲ್ವಲ್ಲ, ಆದ್ರೂ ಮುರೀತು. ಈಗೇನಂತೀಯ?"

ಅದರ ಹಿಂದೆಯೇ ಅವ್ವನ ಫೋನು. "ಅಣ್ಣನ್ ಹತ್ರ ತಪ್ಪಾಯ್ತು ಅನ್ನು, ತನು."

"ಯಾವ್ ತಪ್ಪವ್ವ?"

"ಯಾವ್ದೋ ಒಂದು. ಅಂದ್ಬಿಡು, ಮನೆಗ್ ಬಾ."

ಭಾನುವಾರ ಅವಳು ಹೋದಳು, ಅಂದಳು. ಯೋಗರಾಜ್ ಟಿವಿಯ ಸದ್ದು ತಗ್ಗಿಸಿ, "ಬಿಡು, ಅದನ್ನೆಲ್ಲ ನಾನು ಮನ್ಸಲ್ಲಿಟ್ಕೊಂಡಿಲ್ಲ. ಕೂತ್ಕೊ, ಊಟ ಮಾಡು" ಎಂದ. ರಂಜಿನಿ ಬಿಸಿ ಅನ್ನ ಬಡಿಸಿದಳು. ತನುಜಾ ತುತ್ತು ಕಲಸುತ್ತ ಕೂತಳು. ಮಗನ ಮನಸ್ಸು ಎಷ್ಟು ದೊಡ್ಡದೆಂದು ಅವ್ವ ಹಿತ್ತಲಲ್ಲಿ ಪಕ್ಕದ ಮನೆಯವರಿಗೆ ಹೇಳುತ್ತಿದ್ದದ್ದು ಅವಳಿಗೆ ಕೇಳಿಸುತ್ತಿತ್ತು.