ಕಾಕಾನ ದುರ್ಬೀನು, ಹದಿನೇಳು ಪಟ್ಟು

ಮೊನ್ನೆ ನಳ ರಿಪೇರಿಗೆ ಬಂದವನು ಅಂಗಳದಲ್ಲಿ ಕೂತು ಪಿವಿಸಿ ಪೈಪಿಗೆ ಸಲ್ಯೂಷನ್ ಹಚ್ಚಿದ. ಆ ಘಾಟು ಮೂಗಿಗೆ ಬಡಿದದ್ದೇ ತಡ, ಮುದ್ದೇಬಿಹಾಳದ ಚಷ್ಮಾದಂಗಡಿಯ ಕಾಕಾ ಕಣ್ಮುಂದೆ ಬಂದರು...

ಆಗ ನಾನು ತಾಳಿಕೋಟೆಯಿಂದ ದಿನಾ ಬಸ್ಸಿನಲ್ಲಿ ಹೋಗಿ ಅಲ್ಲಿ ಗಣಿತ ಕಲಿಸುತ್ತಿದ್ದೆ. ಚಷ್ಮಾದ ಕಡ್ಡಿ ಸಡಿಲಾಯಿತೆಂದು ಒಂದು ಸಂಜೆ ಹೋದರೆ, ಕಾಕಾ ಸ್ಕ್ರೂ ಬಿಗಿಯುವುದು ಬಿಟ್ಟು ಮಾಳಿಗೆಗೆ ಕರೆದೊಯ್ದರು. ಪಿವಿಸಿ ಪೈಪಿಗೆ ಸಲ್ಯೂಷನ್ ಹಚ್ಚಿ ತಾವೇ ಮಾಡಿದ ದುರ್ಬೀನನ್ನು ಅಲ್ಲಿ ಸ್ಟೂಲಿಗೆ ಕಟ್ಟಿದ್ದರು. ಮುಂದೆ ಪ್ಲಸ್ ಒಂದು ನಂಬರಿನ ಚಷ್ಮಾದ ಗಾಜು, ಹಿಂದೆ ಗಡಿಯಾರ ರಿಪೇರಿಯವನಿಂದ ತಂದ ಹಳೆಯ ಭೂತಗನ್ನಡಿ. ಮೊದಲನೆಯದು ಬಿಸಿಲನ್ನು ನೂರು ಸೆಂಟಿಮೀಟರ್ ದೂರದಲ್ಲಿ ಕೂಡಿಸುತ್ತದೆ, ಎರಡನೆಯದು ಐದರಲ್ಲಿ. ನೂರನ್ನು ಐದರಿಂದ ಭಾಗಿಸಿದರೆ ಇಪ್ಪತ್ತು, ಅಷ್ಟು ಪಟ್ಟು ದೊಡ್ಡದಾಗಿ ಕಾಣಬೇಕು. ಪೈಪಿನ ಮೇಲೆ ‘ಇಪ್ಪತ್ತು ಪಟ್ಟು’ ಎಂದು ಬರೆದೂ ಆಗಿತ್ತು.

“ಲೆಕ್ಕ ಹಾಕೇನ್ರಿ ಅಕ್ಕಾರ. ಆದ್ರ ಖರೇನೋ ಸುಳ್ಳೋ ನೋಡಾಕ ಎರಡು ಕಣ್ಣು ಬೇಕು. ನನ್ನ ಎಡಗಣ್ಣಿಗೆ ಏನೂ ಕಾಣಂಗಿಲ್ಲ. ಈ ಮಾತು ನಿಮ್ಮಲ್ಲೇ ಇರ್ಲಿ” ಎಂದರು. ಊರಿಗೆಲ್ಲ ಚಷ್ಮಾ ಕೊಡುವವರ ಕಣ್ಣೇ ಹೀಗೆಂದು ನನಗೆ ತಿಳಿದದ್ದು ಆಗಲೇ.

ಉಪಾಯ ಅವರದೇ. ಬಲಗಣ್ಣನ್ನು ದುರ್ಬೀನಿಗಿಟ್ಟು, ಎಡಗಣ್ಣನ್ನೂ ತೆರೆದುಕೊಂಡು, ದೂರದ ನೀರಿನ ಟಾಕಿಯ ಏಣಿ ನೋಡಬೇಕು. ದೊಡ್ಡದಾಗಿ ಕಾಣುವ ಒಂದು ಮೆಟ್ಟಿಲಿನ ಜಾಗದಲ್ಲಿ ಬರಿಗಣ್ಣಿನ ಮೆಟ್ಟಿಲು ಎಷ್ಟು ಹಿಡಿಸುತ್ತವೆಂದು ಎಣಿಸಬೇಕು. ಕಣ್ಣಲ್ಲಿ ನೀರು ಬಂತು, ಏಣಿ ಜಾರಿ ಜಾರಿ ಹೋಯಿತು... ಮೂರು ಸಲ ಎಣಿಸಿದರೂ ಹದಿನೇಳೇ. ಮುದುಕರಿಗೆ ಬೇಸರವಾದೀತೆಂದು “ಇಪ್ಪತ್ತರ ಹತ್ರ ಐತ್ರಿ” ಎಂದೆ.

“ಹತ್ರ ಅಂದ್ರ ಎಷ್ಟ್ರೀ? ಗಣಿತದ ಅಕ್ಕಾರಾಗಿ ಹಿಂಗ ಹೇಳ್ತೀರಲ್ಲ.”

ನಾಚಿಕೆಯಾಗಿ ಹದಿನೇಳೆಂದು ಒಪ್ಪಿದೆ. ಕಾಕಾ ಭೂತಗನ್ನಡಿ ಬಿಚ್ಚಿ, ಇಳಿಬಿಸಿಲನ್ನು ಕಾಗದದ ಮೇಲೆ ಚುಕ್ಕಿ ಮಾಡಿ, ಪಟ್ಟಿ ಹಿಡಿದು ಅಳೆದರು. ಐದಲ್ಲ, ಆರು. ನೂರನ್ನು ಆರರಿಂದ ಭಾಗಿಸಿದರೆ ಹದಿನೇಳಕ್ಕೆ ಚೂರೇ ಕಡಿಮೆ. ಗಡಿಯಾರದವನ ಬಾಯಿಮಾತು ನಂಬಿ ಕೆಟ್ಟಿದ್ದರು. ಅಷ್ಟು ವರ್ಷ ಬೋರ್ಡಿನ ಮೇಲೆ ಭಾಗಾಕಾರ ಬರೆದಿದ್ದೆ, ಅದನ್ನು ಕಣ್ಣಾರೆ ಕಂಡದ್ದು ಅವತ್ತೇ. ಕಾಕಾ ನಗುತ್ತಲೇ ಇಪ್ಪತ್ತನ್ನು ಅಳಿಸಿದರು.

ಅಷ್ಟರಲ್ಲಿ ಪೂರ್ವಕ್ಕೆ ಚಂದ್ರ ಬಂದಿದ್ದ. ಗಾಜು ಮತ್ತೆ ಕೂಡಿಸಿ, ಹಾಗೇ ಎರಡೂ ಕಣ್ಣು ತೆರೆದು ನೋಡಲು ಹೇಳಿದರು. ನೋಡಿದೆ. ಕಣ್ಣು ತೆಗೆಯಲಾಗಲಿಲ್ಲ.

“ಎರಡೂ ಕಣ್ಣಿಗೆ ಕೂಡಿ ಹೆಂಗ ಕಾಣತೈತ್ರಿ?” ಕಾಕಾ ಪಕ್ಕದಲ್ಲೇ ನಿಂತು ಕೇಳಿದರು. ನನಗೆ ಬಸ್ಸಿನ ಹೊತ್ತಾಗಿತ್ತು. “ಭಾಳ ಚೊಲೊ ಕಾಣತೈತ್ರಿ, ನಾಳೆ ಹೇಳ್ತೇನಿ” ಎಂದು ಓಡಿದೆ.

ಪರೀಕ್ಷೆ ಬಂತು, ಆಮೇಲೆ ವರ್ಗವಾಯಿತು... ಅವರು ತೀರಿದ ಸುದ್ದಿ ಮುಟ್ಟಿದಾಗ ನಾನು ಇಂಡಿ ಊರಿನ ಶಾಲೆಯಲ್ಲಿದ್ದೆ. ಈಗ ನಿವೃತ್ತಿಯಾಗಿದೆ, ಬೇಕಾದಷ್ಟು ಪುರುಸೊತ್ತಿದೆ. ದೊಡ್ಡ ಚಂದ್ರನ ನಟ್ಟನಡುವ ಬರಿಗಣ್ಣಿನ ನಮ್ಮ ದಿನದ ಚಂದ್ರ ಇತ್ರಿ ಕಾಕಾ, ರೊಟ್ಟಿ ಮ್ಯಾಲ ಒಂದು ಶೇಂಗಾ ಕಾಳು ಇಟ್ಟಂಗ. ಇಷ್ಟೇ ಹೇಳಬೇಕಿತ್ತು. ಬಸ್ಸೇನೂ ತಪ್ಪುತ್ತಿರಲಿಲ್ಲ.