ಇನ್ನೂ ಹಸಿ

ಬಾವಿಗೆ ಬಿದ್ದ ಪಂಪನ್ನು, ಕೆಲವೊಮ್ಮೆ ಮನುಷ್ಯರನ್ನು, ಮುಳುಗಿ ಮೇಲೆತ್ತುವುದು ಧಾರವಾಡದ ಫಕೀರೇಶನ ಕೆಲಸ. ಹೋದ ವಾರ ಅಮ್ಮಿನಬಾವಿಯ ಹೊಲದ ಬಾವಿಯೊಂದರಲ್ಲಿ ತುಕ್ಕು ಹಿಡಿದ ಪೈಪು ಅವನ ರಬ್ಬರ್ ಸೂಟಿನ ತೊಡೆಯನ್ನು ಸೀಳಿತ್ತು. ಸೂಟು ಇಲ್ಲದಿದ್ದರೆ ಕಾಲನ್ನೇ ಸೀಳುತ್ತಿತ್ತು ಎಂಬುದು ಹೆಂಡತಿ ದುರ್ಗಾಳ ತಲೆಯಿಂದ ಹೋಗಿರಲಿಲ್ಲ.

ಹೊಲಿದರೆ ಸೂಜಿಯ ತೂತಿನಿಂದ ನೀರು ನುಗ್ಗುತ್ತದೆ. ಅದಕ್ಕೇ ಅವಳು ಪಂಕ್ಚರ್ ಅಂಗಡಿಯವರ ಹಾಗೆ ಎರಡೂ ಅಂಚಿಗೆ ಸೊಲ್ಯೂಷನ್ ಹಚ್ಚಿ, ಊದಿ, ಒತ್ತಿ ಕೂಡಿಸಿ, ಮೇಲೆ ಒಳಕಲ್ಲಿನ ಗುಂಡು ಹೇರಿದ್ದಳು. ಗಂಡನ ಅವಸರದ ಕೈಗೆ ಕೊಟ್ಟಿದ್ದರೆ ಕೆಟ್ಟೇ ಹೋಗುತ್ತಿತ್ತು.

ಸಂಜೆ ಫೋನು ಬಂತು. ಫಕೀರೇಶ ಅದನ್ನು ಕಿವಿಗೆ ಹಿಡಿದುಕೊಂಡೇ ಕೇಳಿದ, “ಸೂಟ್ ಒಣಗೇತೇನು?”

ಅವಳು ಮುಟ್ಟಿ ನೋಡಿದಳು. ಅಂಟು ಗಟ್ಟಿಯಾಗಿ ಹಿಡಿದಿತ್ತು. ಇಲ್ಲ ಎಂದರೆ ಇವತ್ತಾದರೂ ಮನೆಯಲ್ಲಿರುತ್ತಾನೆ ಅನಿಸಿತು.

“ಇಲ್ರಿ, ಇನ್ನೂ ಹಸೀನ ಐತಿ. ನಾಳಿ ಬರ್ತೇನಿ ಅನ್ರಿ.”

“ಪಂಪ್ ಆಗಿದ್ರ ಹಂಗ ಅಂತಿದ್ದೆ. ಹೋದ ವಾರ ಸೂಟ್ ಹರಿದ ಬಾವ್ಯಾಗನ ಒಂದು ಹುಡುಗಿ ಬಿದ್ದಾಳ,” ಎಂದವನೇ ಹಗ್ಗ ಹೆಗಲಿಗೆ ಹಾಕಿಕೊಂಡು ಹೊರಟುಬಿಟ್ಟ.

“ಒಣಗೇತ್ರಿ, ತಗೊಂಡು ಹೋಗ್ರಿ,” ಎಂದು ದುರ್ಗಾ ಸೂಟು ಹಿಡಿದು ಓಣಿಗೆ ಓಡಿ ಬರುವಷ್ಟರಲ್ಲಿ ಬೈಕು ತಿರುವು ದಾಟಿತ್ತು. ಅಂಟಿಸಿದ ಜಾಗವನ್ನು ಅವಳು ಎರಡೂ ಕೈಯಿಂದ ಎಳೆದಳು. ಅದು ಬಿಡಲಿಲ್ಲ.