ಹೋಗಿಬರುತ್ತೇನೆ ಎನ್ನದೆ ಹೊರಟ ದಿನ

ನಂಜುಂಡೇಶ್ವರನ ಜೊತೆ ನಾನು ಎಂಟು ತಿಂಗಳು ಮಾತು ಬಿಟ್ಟಿದ್ದೆ. ಭಕ್ತ ಬಂಧುಗಳು ಕ್ಷಮಿಸಬೇಕು, ನಾನು ಸ್ವಲ್ಪ ಜಗಳಗಂಟ. ನನ್ನ ಹೆಂಡತಿ ವಿದ್ಯಾ ಟೋಕಿಯೋದ ಆಸ್ಪತ್ರೆಯಲ್ಲಿ ಹನ್ನೊಂದು ವಾರ ಮಲಗಿದ್ದಳು. ಪಕ್ಕದ ಉರಯಾಸು ಊರಿನ ನಮ್ಮ ಮನೆಯಿಂದ ದಿನಾ ಎರಡು ರೈಲು ಬದಲಾಯಿಸಿ ಹೋಗುವಾಗ ದಾರಿಯುದ್ದಕ್ಕೂ ಅವನನ್ನೇ ಬೇಡಿದೆ. ವಿದ್ಯಾ ನಂಜನಗೂಡಿನವಳು, ಅವನ ಗುಡಿಯ ಅಂಗಳದಲ್ಲೇ ಆಡಿ ಬೆಳೆದವಳು. ಊರವರ ರೋಗವನ್ನೆಲ್ಲ ವಾಸಿ ಮಾಡುವ ದೇವರು ಅವಳನ್ನೇ ಉಳಿಸಲಿಲ್ಲ. ಅವಳು ಹೋದ ಮೇಲೆ ನಾನು ಅವನಿಗೆ ಕೈಮುಗಿಯುವುದನ್ನೇ ಬಿಟ್ಟೆ.

ಪ್ರತಿ ಚಳಿಗಾಲ ನಾವಿಬ್ಬರೂ ನಗಾನೋ ಕಡೆಯ ಬೆಟ್ಟದಲ್ಲಿ ಸ್ಕೀ ಕಟ್ಟಿಕೊಂಡು ಒಂದು ತಂಗುಮನೆಯಿಂದ ಇನ್ನೊಂದಕ್ಕೆ ಹೋಗುತ್ತಿದ್ದೆವು. ಕಳೆದ ಫೆಬ್ರವರಿಯಲ್ಲಿ ಒಬ್ಬನೇ ಹೊರಟೆ. ಏಳು ವರ್ಷದ ಮಗಳು ಅನನ್ಯಾಳನ್ನು ಪಕ್ಕದ ಮನೆಯ ಶಶಿಕಲಾ ಅವರ ಹತ್ತಿರ ಬಿಟ್ಟೆ. "ಒಬ್ರೇ ಯಾಕ್ರೀ ಹೋಗ್ತೀರಾ? ಮಗು ಮುಖ ನೋಡಿ" ಎಂದರು ಅವರು. ನನಗೆ ಯಾರ ಮುಖವೂ ಬೇಡವಾಗಿತ್ತು. ನಿಜ ಹೇಳಬೇಕೆಂದರೆ ಮಗುವಿನ ಮುಖವೂ. ಅದು ಥೇಟ್ ಅವಳಮ್ಮನದೇ.

ಎರಡನೆಯ ದಿನ ಬೆಳಿಗ್ಗೆ ತಂಗುಮನೆ ನಡೆಸುವ ಅಜ್ಜಿ ಬಾಗಿಲವರೆಗೂ ಬಂದರು. ತಲೆಬಾಗಿ ಏನೋ ಹೇಳಿ ಹೊರಟೆ. ಮುಂದಿನ ತಂಗುಮನೆಗೆ ನಾಲ್ಕು ಗಂಟೆಯ ದಾರಿ. ಹನ್ನೊಂದಕ್ಕೆಲ್ಲ ಗಾಳಿ ಎದ್ದು ಹಿಮ ಕವಿಯಿತು, ದಾರಿ ತೋರಿಸಲು ಮರಗಳಿಗೆ ಕಟ್ಟಿದ್ದ ಕೆಂಪು ಪಟ್ಟಿಗಳು ಕಾಣದಾದವು. ಇಳಿಜಾರಿನಲ್ಲಿ ಬಿದ್ದೆ. ಬಲ ಮಂಡಿ ತಿರುಚಿಕೊಂಡಿತು, ಒಂದು ಸ್ಕೀ ಕಳಚಿ ಎಲ್ಲೋ ಜಾರಿಹೋಯಿತು. ಮೊಬೈಲಿಗೆ ಸಿಗ್ನಲ್ ಇಲ್ಲ. ಒಂದು ಮರದ ಬುಡಕ್ಕೆ ತೆವಳಿ ಕೂತೆ. ಬರಬರುತ್ತಾ ಚಳಿಯೂ ಗೊತ್ತಾಗದೆ ನಿದ್ದೆ ಎಳೆಯತೊಡಗಿತು. ಇಲ್ಲೇ ಇದ್ದುಬಿಟ್ಟರೆ ಏನಂತೆ ಎಂದುಕೊಂಡೆ.

ಆಗ ಅನನ್ಯಾ ನೆನಪಾದಳು. ಸೋಮವಾರ ಸ್ಕೂಲಿಗೆ ಹೊರಡುವಾಗ ಅವಳಿಗೆ ಜಡೆ ಹಾಕುವವರು ಯಾರು? ಅಯ್ಯೋ, ಎಷ್ಟು ಸಣ್ಣ ವಿಷಯ! ಅದಕ್ಕೇ ಗೋಳೋ ಎಂದು ಅತ್ತೆ. "ಏನಪ್ಪಾ ನಂಜುಂಡ, ನಿನ್ನ ಮೇಲಿನ ಸಿಟ್ಟು ಇನ್ನೂ ಹೋಗಿಲ್ಲ. ನನಗೋಸ್ಕರ ಏನೂ ಕೇಳಲ್ಲ. ಆ ಮಗು ನಿನಗೇನು ಮಾಡಿದೆ? ಅದಕ್ಕಿರೋ ಒಬ್ಬ ಅಪ್ಪನ್ನೂ ಕಿತ್ಕೋಬೇಡ" ಎಂದು ಗಂಟಲು ಹರಿಯುವಂತೆ ಕೂಗಿದೆ.

ಸ್ವಲ್ಪ ಹೊತ್ತಿಗೆ ಸೀಟಿಯ ಸದ್ದು ಕೇಳಿಸಿತು. ಮತ್ತೆ ಕೂಗಿದೆ. ಮುಂದಿನ ತಂಗುಮನೆಯ ಒಕಾದಾ ಸಾನ್ ಜಾರುಬಂಡಿ ಎಳೆದುಕೊಂಡು ಬಂದರು. ಒಲೆಯ ಮುಂದೆ ಕೂರಿಸಿ ಮಂಡಿಗೆ ಪಟ್ಟಿ ಸುತ್ತುವಾಗ, ತಡವಾಯಿತೆಂದು ಹುಡುಕಿದಿರಾ ಎಂದು ಕೇಳಿದೆ.

"ಇಲ್ಲ, ಬೆಳಿಗ್ಗೇನೇ ಅಜ್ಜಿ ಫೋನ್ ಮಾಡಿದ್ರು. ಈ ಭಾರತದವರು ಸಯೋನಾರಾ ಅಂದು ಹೋದ್ರು, ನನಗ್ಯಾಕೋ ಸಮಾಧಾನ ಇಲ್ಲ, ಎದುರು ಹೋಗಿ ನೋಡು ಅಂದ್ರು" ಎಂದು ಜಪಾನಿಯಲ್ಲಿ ಹೇಳಿದರು.

ಇಲ್ಲಿ ಮನೆಯಿಂದಾಗಲಿ ತಂಗುಮನೆಯಿಂದಾಗಲಿ ಹೊರಡುವವರು 'ಇತ್ತೆಕಿಮಾಸ್' ಎನ್ನುತ್ತಾರೆ. ಅಂದರೆ ನಮ್ಮ 'ಹೋಗಿಬರ್ತೀನಿ'. ಸಯೋನಾರಾದಲ್ಲಿ ಬರುವ ಮಾತಿಲ್ಲ. ಚಿಕ್ಕಂದಿನಲ್ಲಿ ಬರೀ 'ಹೋಗ್ತೀನಿ' ಅಂದರೆ ನಮ್ಮಮ್ಮ ಬಾಯಿಗೇ ಹೊಡೆಯುತ್ತಿದ್ದರು. ಒಂಬತ್ತು ವರ್ಷ ಈ ದೇಶದಲ್ಲಿ ದಿನಾ ಸರಿಯಾಗಿ ಆಡಿದ ಮಾತು ಅವತ್ತು ಮಾತ್ರ ತಪ್ಪಿತ್ತು. ದುಃಖದಲ್ಲಿ ಬಾಯಿ ತಪ್ಪಿತು ಎನ್ನುವವರು ಎನ್ನಲಿ. ಆ ತಪ್ಪನ್ನು ಗಮನಿಸುವ ಒಂದು ಜೀವವನ್ನು ಬಾಗಿಲಲ್ಲಿ ನಿಲ್ಲಿಸಿದವನು ಯಾರು? ನಾನು ಬೇಡಿಕೊಳ್ಳುವ ಮೊದಲೇ ಆ ಫೋನ್ ಹೋಗಿತ್ತು.

ಮಧ್ಯಾಹ್ನ ಮಾತಾಡುತ್ತೇನೆ ಎಂದು ಮಗಳಿಗೆ ಹೇಳಿದ್ದೆ. ತಂಗುಮನೆಯಿಂದ ಫೋನ್ ಮಾಡುವಾಗ ಸಂಜೆಯಾಗಿತ್ತು. ಯಾವಾಗಲೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಅನನ್ಯಾ ಅವತ್ತು ಕನ್ನಡದಲ್ಲಿ, ಮೆಲ್ಲಗೆ, "ಅಪ್ಪಾ, ನೀನೂ ಅಮ್ಮನ್ ಹತ್ರ ಹೋಗ್ಬಿಟ್ಯಾ ಅಂದ್ಕೊಂಡೆ" ಎಂದಳು.

"ಇಲ್ಲ ಪುಟ್ಟಾ, ನಿನ್ ಹತ್ರಾನೇ ಬರ್ತಿದೀನಿ" ಎಂದೆ.

ವಿದ್ಯಾಳನ್ನು ಯಾಕೆ ಕರೆದುಕೊಂಡೆ ಎಂದು ಸ್ವಾಮಿಯನ್ನು ಈಗಲೂ ಕೇಳುತ್ತೇನೆ. ಉತ್ತರ ಬಂದಿಲ್ಲ, ನನ್ನ ಅಳುವೂ ನಿಂತಿಲ್ಲ. ಆದರೂ ತಾಯಿಯಿಲ್ಲದ ಮಗುವಿಗೆ ಅಪ್ಪನನ್ನಾದರೂ ಉಳಿಸಿಕೊಟ್ಟ. ಅಷ್ಟಕ್ಕೆ ಅವನ ಪಾದಕ್ಕೆ ಈ ಜಗಳಗಂಟನ ತಲೆ ಬಾಗಿದೆ.